ಹದಿನಾಲ್ಕು ಬಗೆಯ ಕಂದು

ನಾಲ್ಕು ಪದಗಳ ಒಂದು ಮಾತನ್ನು ನಂಬಿ ಒಬ್ಬಳು ಹೊರಟ ದಾರಿಯನ್ನು ಬಿಟ್ಟು ನಿಂತುಬಿಟ್ಟರೆ, ಅದರ ಹೊಣೆ ಮಾತು ಆಡಿದವರದೋ, ನಂಬಿದವಳದೋ? ಬಹಳ ದಿನ ತಿರುಗಿಸಿ ಮುರುಗಿಸಿ ನೋಡಿದರೂ ಈ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಪ್ರಯೋಗಶಾಲೆಯಲ್ಲಾದರೆ ದಾರಿಯಿತ್ತು: ಅದೇ ಹುಡುಗಿಯ ಎರಡು ಪ್ರತಿ ಮಾಡಿ, ಒಬ್ಬಳ ಕಿವಿಗೆ ಆ ಮಾತನ್ನು ಹಾಕಿ, ಇನ್ನೊಬ್ಬಳ ಕಿವಿಗೆ ಹಾಕದೆ, ಹತ್ತು ವರ್ಷ ಬಿಟ್ಟು ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ನೋಡಬಹುದಿತ್ತು. ಬದುಕಿಗೆ ಅಂಥ ಎರಡನೆಯ ಪ್ರತಿ ಇರುವುದಿಲ್ಲ. ಆದ್ದರಿಂದ ‘ಹೋಗಿದ್ದರೆ ಹೀಗಾಗುತ್ತಿತ್ತು’ ಎಂದು ಎದೆ ತಟ್ಟಿ ಹೇಳುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕಾಗುತ್ತದೆ. ನಡೆದದ್ದನ್ನು ನಡೆದಂತೆ ಹೇಳಬಹುದು, ಅಷ್ಟೇ.

ನಡೆದದ್ದು ಒಂದು ಕಣ್ಣಾಸ್ಪತ್ರೆಯ ನಾಲ್ಕನೆಯ ಮಹಡಿಯಲ್ಲಿ. ಲಿಫ್ಟು ಮೂರನೆಯ ಮಹಡಿಯವರೆಗೆ ಮಾತ್ರ ಬರುತ್ತಿತ್ತು. ಮಿಕ್ಕ ಇಪ್ಪತ್ತೆರಡು ಮೆಟ್ಟಿಲುಗಳನ್ನು ರೋಗಿಗಳೂ ಕೆಲಸದವರೂ ಒಂದೇ ಸಮನೆ ಏದುಸಿರು ಬಿಡುತ್ತ ಹತ್ತಬೇಕಾಗಿತ್ತು. ಹತ್ತಿ ಬಂದರೆ ಉತ್ತರಕ್ಕೆ ತೆರೆದ ದೊಡ್ಡ ಕಿಟಕಿಯ ಒಂದು ಕೋಣೆ, ಮೂರು ಮೇಜು, ಮೂಗಿಗೆ ಅಡರುವ ದ್ರಾವಣದ ವಾಸನೆ. ಇಲ್ಲಿ ಕೃತಕ ಕಣ್ಣುಗಳು ತಯಾರಾಗುತ್ತಿದ್ದವು. ಹೊರಗಿನವರು ಅದನ್ನು ಗೋಲಿಯಂಥದ್ದು ಎಂದುಕೊಳ್ಳುತ್ತಾರೆ. ಅದು ಗೋಲಿಯಲ್ಲ, ರೆಪ್ಪೆಯ ಹಿಂದೆ ಕೂರುವ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಚಿಪ್ಪು. ಒಬ್ಬರ ಚಿಪ್ಪು ಇನ್ನೊಬ್ಬರಿಗೆ ಆಗುವುದಿಲ್ಲ.

ಅವಳು ಅಲ್ಲಿಗೆ ಬಂದಾಗ ಇಪ್ಪತ್ತೆರಡು ವರ್ಷ. ಚಿತ್ರಕಲಾ ಕಾಲೇಜಿನಿಂದ ಆಗಷ್ಟೇ ಹೊರಬಿದ್ದಿದ್ದಳು. ಮೊದಲ ವಾರ ಕುಂಚವನ್ನು ಬಾಯಲ್ಲಿ ಕಚ್ಚಿಕೊಂಡು ಯೋಚಿಸುವಾಗ ಮೂಗಿನ ತುದಿಗೆ ಕಂದು ಬಣ್ಣ ಮೆತ್ತಿಕೊಂಡು, ಹಾಗೆಯೇ ಬಸ್ಸಿನಲ್ಲಿ ಮನೆಗೆ ಹೋಗಿದ್ದಳು. ಮರುದಿನದಿಂದ ಅವಳ ಹೆಸರು ಚುಕ್ಕಿ. ಹಾಗೆ ಹೆಸರಿಟ್ಟವಳು ಉಜ್ಜುವ ಚಕ್ರದ ಮುಂದೆ ಕೂತು ಕಣ್ಣುಗಳಿಗೆ ಹೊಳಪು ಕೊಡುತ್ತಿದ್ದ ಪಾಲಿಶ್ ಅಕ್ಕ. ದೂಳಿಗೆಂದು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿರುತ್ತಿದ್ದಳು; ಬಾಯಿ ಕಟ್ಟಿದ ಮೇಲೂ ಇಷ್ಟು ಮಾತಾಡಲು ಸಾಧ್ಯವೇ ಎಂದು ಹೊಸಬರು ಬೆರಗಾಗುತ್ತಿದ್ದರು. ಕೋಣೆಯ ಯಜಮಾನರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ವಯಸ್ಸಿನಲ್ಲಿ ಅವರು ಐವತ್ತನ್ನು ದಾಟಿರಲಿಲ್ಲ, ಮೈಕಟ್ಟಿನಲ್ಲಂತೂ ಬಹಳ ಚಿಕ್ಕವರು.

“ಏನಮ್ಮ ಓದಿದ್ದೀಯ?” ಎಂದು ಮೊದಲ ದಿನ ಕೇಳಿದ್ದರು.

“ಚಿತ್ರಕಲೆ ಸರ್. ಮೊದಲೇ ಹೇಳಿಬಿಡ್ತೀನಿ, ಆರು ತಿಂಗಳು ಮಾತ್ರ ಇರ್ತೀನಿ.”

“ಹೇಳಿದ್ದು ಒಳ್ಳೇದಾಯ್ತು. ನಾನು ಮೂರು ತಿಂಗಳು ಅಂತ ಹೇಳಿ ಬಂದಿದ್ದೆ.”

“ಯಾವಾಗ ಅಂತ ಕೇಳು,” ಎಂದಿತು ಬಟ್ಟೆಯ ಹಿಂದಿನ ಬಾಯಿ.

“ಇಪ್ಪತ್ತೆಂಟು ವರ್ಷ ಆಯ್ತು,” ಎಂದರು ದೊಡ್ಡವರು, ಹವಾಮಾನದ ವರದಿ ಓದುವವರಂತೆ.

ಕೆಲಸ ನಿಧಾನದ್ದು. ಕಣ್ಣಿನ ಗುಳಿಗೆ ಮೆತ್ತನೆಯ ಹಿಟ್ಟು ತುಂಬಿ ಅಚ್ಚು ತೆಗೆಯುವುದು, ಮೇಣದಲ್ಲಿ ಅದರ ಪ್ರತಿ ಮಾಡಿ ರೋಗಿಗೆ ಕೂರಿಸಿ ನೋಡುವುದು, ಆಮೇಲೆ ಬಿಳಿಯ ಪ್ಲಾಸ್ಟಿಕ್ಕಿನಲ್ಲಿ ಬೇಯಿಸಿ ಚಿಪ್ಪು ಮಾಡುವುದು ದೊಡ್ಡವರ ಪಾಲು. ಆ ಚಿಪ್ಪಿನ ಮೇಲೆ ರೋಗಿಯ ಇನ್ನೊಂದು ಕಣ್ಣನ್ನು ನೋಡಿಕೊಂಡು ಬಣ್ಣದ ಬಳೆಯನ್ನೂ ನಡುವಿನ ಕಪ್ಪು ಪಾಪೆಯನ್ನೂ ಬರೆಯುವುದನ್ನು ಅವರು ಚುಕ್ಕಿಗೆ ಕಲಿಸಿದರು. ರಕ್ತನಾಳಗಳಿಗೆ ಬಣ್ಣವಲ್ಲ, ಕೆಂಪು ದಾರದ ಎಳೆ. ಅದನ್ನು ಉಗುರಿನಿಂದ ಸೀಳಿ ಸೀಳಿ ಕಾಣದಷ್ಟು ತೆಳ್ಳಗೆ ಮಾಡಿ ಅಂಟಿಸಬೇಕು. ಪಾಪೆ ಬಿಸಿಲಿನಲ್ಲಿ ಕುಗ್ಗುತ್ತದೆ, ಕತ್ತಲಿನಲ್ಲಿ ಹಿಗ್ಗುತ್ತದೆ. ಕೃತಕ ಕಣ್ಣಿಗೆ ಎರಡೂ ಆಗದು. ಹಾಗಾಗಿ ಎಲ್ಲ ಹೊತ್ತಿಗೂ ಸ್ವಲ್ಪ ಸ್ವಲ್ಪ ತಪ್ಪಾಗಿ, ಯಾವ ಹೊತ್ತಿಗೂ ಪೂರ್ತಿ ತಪ್ಪಾಗದ ಒಂದು ಅಳತೆಯನ್ನು ಆರಿಸಬೇಕು. ಇನ್ನು ಕಂದು ಎಂಬುದು ಒಂದು ಬಣ್ಣವೇ ಅಲ್ಲ. ದೊಡ್ಡವರ ಪೆಟ್ಟಿಗೆಯಲ್ಲಿ ಹದಿನಾಲ್ಕು ಬಗೆಯ ಕಂದು ಪುಡಿಗಳಿದ್ದವು. ಒಂದೇ ಕಣ್ಣಿಗೆ ಆರೇಳನ್ನು ಪದರ ಪದರವಾಗಿ ಬಳಸಬೇಕಾಗುತ್ತಿತ್ತು.

ಚುಕ್ಕಿ ತನ್ನ ದೊಡ್ಡ ತಪ್ಪನ್ನು ಐದನೆಯ ತಿಂಗಳಲ್ಲಿ ಮಾಡಿದಳು. ಲೇತ್ ಯಂತ್ರದಲ್ಲಿ ಕೆಲಸ ಮಾಡುವಾಗ ಲೋಹದ ಚೂರು ಸಿಡಿದು ಒಂದು ಕಣ್ಣು ಕಳೆದುಕೊಂಡವನೊಬ್ಬ ಬಂದಿದ್ದ. ಮೋಡ ಕವಿದ ದಿನ, ಸಂಜೆ ನಾಲ್ಕೂವರೆ. ದೊಡ್ಡವರು ಕೆಳಗಿನ ಮಹಡಿಗೆ ಹೋಗಿದ್ದರು. ಅವನು ಇನ್ನೊಮ್ಮೆ ರಜೆ ಹಾಕಿ ಬರುವುದು ಕಷ್ಟ ಎಂದದ್ದಕ್ಕೆ ಇವಳು ಟ್ಯೂಬ್‌ಲೈಟಿನ ಕೆಳಗೆ ಕೂರಿಸಿಕೊಂಡು ಬಣ್ಣ ಹೊಂದಿಸಿಯೇಬಿಟ್ಟಳು. ಎಷ್ಟು ಚೆನ್ನಾಗಿ ಹೊಂದಿತ್ತೆಂದರೆ ಪಾಲಿಶ್ ಅಕ್ಕ ಕೂಡ ಒಂದು ಗಳಿಗೆ ಸುಮ್ಮನಾದಳು. ಕಣ್ಣು ತೊಟ್ಟು ಹೋದವನು ಮೂರನೆಯ ದಿನ ಮಟಮಟ ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದ.

“ಮನೆ ಒಳಗೆ ಎಲ್ಲ ಸರಿಯಾಗೇ ಇದೆ ಕಣಮ್ಮ. ಬಾಗಿಲು ದಾಟಿದ್ರೆ ಈ ಕಣ್ಣು ಹಸಿರು ಹೊಡಿಯುತ್ತೆ. ‘ಮನೇಲಿ ನನ್ನ ಗಂಡ, ಬೀದೀಲಿ ಯಾರೋ ಪರಪುರುಷ’ ಅಂತಾಳೆ ನನ್ನ ಹೆಂಡತಿ.”

ಚುಕ್ಕಿಯ ಮುಖ ಸುಟ್ಟ ಬದನೆಕಾಯಿಯಂತಾಯಿತು. ಎರಡು ಬಣ್ಣಗಳು ಒಂದು ದೀಪದ ಕೆಳಗೆ ಒಂದೇ ಆಗಿ ಕಂಡು ಇನ್ನೊಂದು ಬೆಳಕಿನಲ್ಲಿ ಬೇರೆಬೇರೆಯಾಗುವುದು ಭೌತಶಾಸ್ತ್ರದ ಪುಸ್ತಕಗಳಲ್ಲಿ ವಿವರವಾಗಿ ಇರುವ ಸಂಗತಿ. ದೊಡ್ಡವರು ಆ ಪುಸ್ತಕಗಳನ್ನು ಓದಿರಲಿಲ್ಲ, ಆದರೆ ಅವರ ಕೆಲಸಕ್ಕೆ ಒಂದು ಕಟ್ಟುಪಾಡಿತ್ತು: ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ, ಉತ್ತರದ ಕಿಟಕಿಯ ಮುಂದೆ, ದೀಪವನ್ನೆಲ್ಲ ಆರಿಸಿ. ಬೈಯಲಿಲ್ಲ. ಹೊಸ ಚಿಪ್ಪನ್ನು ಅವಳ ಮುಂದಿಟ್ಟು, “ದೀಪದ ಬೆಳಕಲ್ಲಿ ಬಣ್ಣಕ್ಕೆ ತೀರ್ಪು ಕೊಡಬಾರದಮ್ಮ. ದೀಪ ಎಲ್ಲಾರಿಗೂ ಒಳ್ಳೆ ಮಾತೇ ಹೇಳುತ್ತೆ,” ಎಂದರು. ಅವಳು ಬರೆದಾದ ಮೇಲೆ, ರೋಗಿಯ ಎದುರು ಕೂತು ಹೊಸ ಕಣ್ಣನ್ನು ಅವರೇ ನೋಡಿ ಮುಗಿಸಿದರು. ಕೊನೆಗೆ ಎಂದಿನಂತೆ, “ಬಣ್ಣ ಸರಿಯಾಗಿದೆ. ಒಂದೂ ತಪ್ಪಿಲ್ಲ,” ಎಂದರು. ಆ ಕೋಣೆಯಲ್ಲಿ ಕಣ್ಣೊಂದು ಪಾಸಾಯಿತು ಎನ್ನುವುದಕ್ಕೆ ಅದೇ ಮುದ್ರೆ.

ಅವರು ಸುಳ್ಳು ಹೇಳುವವರಲ್ಲ ಎಂಬುದೂ ಅವಳಿಗೆ ಮನದಟ್ಟಾಗುತ್ತ ಹೋಯಿತು. ‘ಯಾರಿಗೂ ಗೊತ್ತಾಗಲ್ಲ ಅಲ್ವಾ ಸಾರ್?’ ಎಂದು ಪ್ರತಿ ರೋಗಿಯೂ ಕೇಳುತ್ತಿದ್ದ. ಬೇರೆಯವರಾದರೆ ಇಲ್ಲ ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು. ಇವರು, “ಎರಡಡಿ ದೂರದಿಂದ ಗೊತ್ತಾಗಲ್ಲ. ಒಂದಡಿಗೆ ಬಂದರೆ ಗೊತ್ತಾಗುತ್ತೆ. ಅಷ್ಟು ಹತ್ತಿರ ಬರೋರು ಹೆಂಗಿದ್ರೂ ನಿಮ್ಮೋರೇ ಆಗಿರ್ತಾರೆ,” ಎನ್ನುತ್ತಿದ್ದರು. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಸಮಾಧಾನ ಹೇಳುವ ಇನ್ನೊಬ್ಬರನ್ನು ಚುಕ್ಕಿ ನೋಡಿರಲಿಲ್ಲ.

ಆರು ತಿಂಗಳು ಒಂದು ವರ್ಷವಾಯಿತು. ಮನೆಯಿಂದ ಆಸ್ಪತ್ರೆಗೆ ಎರಡು ಬಸ್ಸು, ಒಂದೂ ಮುಕ್ಕಾಲು ಗಂಟೆ. ಹತ್ತಿರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಳು. ಅಮ್ಮ ಶಾಲಾ ಸಮವಸ್ತ್ರದ ಅಂಗಡಿಯೊಂದಕ್ಕೆ ಬಟ್ಟೆ ಹೊಲಿಯುತ್ತಿದ್ದಳು. ಅಪ್ಪ ಚುಕ್ಕಿ ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದ. ಮಗಳು ಬೇರೆ ಇರುತ್ತೇನೆ ಎಂದಾಗ ಅಮ್ಮ ರಂಪ ಮಾಡಲಿಲ್ಲ. ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಕಿಟಕಿಗೆ ಅಳತೆ ಕೇಳಿ ಪರದೆ ಹೊಲಿದುಕೊಟ್ಟಳು.

ಕೋಣೆಯ ಪಾಲುದಾರಳಿಗೆ ಅರ್ಜಿ ಎಂದು ಅಡ್ಡಹೆಸರು. ಯಾವಾಗಲೂ ಯಾವುದಾದರೂ ಒಂದು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಳು. ವಿಮಾ ಕಂಪನಿಯಲ್ಲಿ ಫೋನು ಎತ್ತುವವಳಾಗಿದ್ದಳು, ಶಾಲೆಯಲ್ಲಿ ಆಟ ಆಡಿಸುವವಳಾಗಿದ್ದಳು, ಹೋಟೆಲೊಂದರ ಮುಂಬಾಗಿಲಲ್ಲಿ ನಗುತ್ತ ನಿಲ್ಲುವವಳೂ ಆಗಿದ್ದಳು. ಸಂಜೆ ಇಬ್ಬರೂ ದಣಿದು ಬಂದು ಚಪ್ಪಲಿ ಕಳಚಿ ನೆಲದ ಮೇಲೆ ಕಾಲು ಚಾಚಿ ಕೂತರೆ, ಮೊದಲ ಅರ್ಧ ಗಂಟೆ ಯಾರೂ ದೀಪ ಹಾಕಲೂ ಏಳುತ್ತಿರಲಿಲ್ಲ.

“ಈ ಆಸಕ್ತಿ ಅಂದ್ರೆ ಏನೇ?” ಎಂದು ಒಂದು ಸಂಜೆ ಅರ್ಜಿ ಕೇಳಿದಳು. “ಎಲ್ಲಾ ಕಡೆ ಅದಕ್ಕೊಂದು ಖಾನೆ ಇಟ್ಟಿರ್ತಾರೆ. ಸಂಗೀತ, ಪ್ರಯಾಣ, ಜನರೊಂದಿಗೆ ಬೆರೆಯುವುದು ಅಂತ ಬರೀತೀನಿ. ವಿಮಾ ಆಫೀಸಲ್ಲಿ ಬೆರೆತೆ ನೋಡು, ಮೂರು ವರ್ಷ ಜನರ ಬೈಗುಳದ ಜೊತೆ.”

“ನಿನಗೆ ನಿಜವಾಗ್ಲೂ ಏನಿಷ್ಟ?”

“ಮಧ್ಯಾಹ್ನ ಮಲಗೋದು. ಅದಕ್ಕೆ ಖಾಲಿ ಹುದ್ದೆ ಇದೆಯಾ? ನಿನಗೇನಮ್ಮ, ಹುಟ್ಟುವಾಗಲೇ ಕುಂಚ ಹಿಡ್ಕೊಂಡು ಬಂದವಳು. ನಿನ್ನಂಥೋರಿಂದಲೇ ನಮ್ಮಂಥೋರಿಗೆ ಕೆಟ್ಟ ಹೆಸರು.”

ಚುಕ್ಕಿಗೆ ನಗು ಬಂದರೂ ಮಾತು ಚುಚ್ಚಿತು. ಕುಂಚ ಹಿಡಿದು ಬಂದವಳು ನಿಜ. ಅದನ್ನು ಸಂಜೆ ಹಿಡಿಯಲು ಕಣ್ಣೇ ಉಳಿಯುತ್ತಿರಲಿಲ್ಲ. ಚಿತ್ರ ಬರೆಯಲು ಸಮಯ ಬೇಕು ಎನ್ನುತ್ತಾರೆ. ಸಮಯವೇನೋ ಇತ್ತು. ಭೂತಗನ್ನಡಿಯ ಕೆಳಗೆ ಎಂಟು ಗಂಟೆ ಕೂದಲೆಳೆಯ ಗೆರೆಗಳನ್ನು ಎಳೆದು ಬಂದವಳಿಗೆ ಖಾಲಿ ಕ್ಯಾನ್ವಾಸನ್ನು ನೋಡಿದರೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮೊದಲು ದಿನವೂ ಬರೆಯುತ್ತಿದ್ದಳು, ಆಮೇಲೆ ರಜಾದಿನಗಳಲ್ಲಿ, ಆಮೇಲೆ ಬಟ್ಟೆ ಒಗೆದು ಮುಗಿದ ರಜಾದಿನಗಳಲ್ಲಿ. ಆದರೂ ಬಿಡಲಿಲ್ಲ. ನಾಲ್ಕು ವರ್ಷದಲ್ಲಿ ಹನ್ನೊಂದು ಚಿತ್ರಗಳಾದವು: ಖಾಲಿ ಬಸ್ಸಿನ ಹಿಂದಿನ ಸೀಟು, ಆಸ್ಪತ್ರೆಯ ಮೆಟ್ಟಿಲ ತಿರುವು, ಹೊಲಿಗೆ ಯಂತ್ರದ ಮುಂದೆ ಬಾಗಿದ ಅಮ್ಮನ ಬೆನ್ನು, ಇಂಥವು.

ಈ ನಡುವೆ, ಅವಳು ಸೇರಿ ಎರಡು ವರ್ಷವಾದ ಮೇಲೆ, ದೊಡ್ಡವರು ಒಂದು ಬೆಳಿಗ್ಗೆ ಬಣ್ಣದ ಪೆಟ್ಟಿಗೆಯನ್ನು ತಮ್ಮ ಮೇಜಿನಿಂದ ಎತ್ತಿ ಅವಳ ಮೇಜಿನ ಮೇಲಿಟ್ಟರು.

“ಇನ್ನು ಮೇಲೆ ಬಣ್ಣ ನಿನ್ನದು. ಅಚ್ಚು ನನ್ನದು.”

“ಸರ್, ಕೊನೇಲಿ ನೀವೊಂದ್ಸಲ ನೋಡ್ತೀರಲ್ಲ?”

“ಕಿಟಕಿ ಹತ್ರ ಹೋಗಿ ನೀನೇ ನೋಡು. ನನ್ನ ಕೇಳಿ ಕೇಳಿ ನಿನ್ನ ಕಣ್ಣು ಸೋಮಾರಿ ಆಗುತ್ತೆ.”

ಅಂದಿನಿಂದ ಅವರು ಅಚ್ಚಿನ ಕೆಲಸಕ್ಕೆ ಕೂತರು. ರೋಗಿಯ ಮುಚ್ಚಿದ ರೆಪ್ಪೆಯ ಮೇಲೆ ಹೆಬ್ಬೆರಳಿಟ್ಟು, ಮೇಣ ಎಲ್ಲಿ ಉಬ್ಬಿದೆ ಎಲ್ಲಿ ಒತ್ತುತ್ತಿದೆ ಎಂದು ತಡವಿಯೇ ಹೇಳಿಬಿಡುತ್ತಿದ್ದರು. ಬಣ್ಣದ ವಿಷಯಕ್ಕೆ ಮಾತ್ರ ತಲೆ ಹಾಕಲಿಲ್ಲ. ಚುಕ್ಕಿ ಒಂದು ತಿಂಗಳು ಪ್ರತಿ ಕಣ್ಣನ್ನೂ ಹತ್ತು ಸಲ ಕಿಟಕಿಗೆ ಒಯ್ದು ನೋಡಿದಳು, ಎರಡನೆಯ ತಿಂಗಳು ಸ್ವಲ್ಪ ಕಡಿಮೆ, ವರ್ಷ ತುಂಬುವ ಹೊತ್ತಿಗೆ ಯಾರನ್ನೂ ಕೇಳಬೇಕೆನಿಸುತ್ತಿರಲಿಲ್ಲ. ಮುದ್ರೆಯ ಮಾತನ್ನು ಈಗ ರೋಗಿಗಳಿಗೆ ಅವಳೇ ಹೇಳುತ್ತಿದ್ದಳು. ತನ್ನನ್ನು ಇಷ್ಟು ನಂಬಿದ ಇನ್ನೊಬ್ಬ ಮನುಷ್ಯ ಇಲ್ಲ ಎಂಬ ಹೆಮ್ಮೆ ಅವಳಿಗಿತ್ತು, ಹೊರಗೆ ತೋರಿಸಿಕೊಳ್ಳುತ್ತಿರಲಿಲ್ಲ.

ಇಪ್ಪತ್ತಾರನೆಯ ವಯಸ್ಸಿನಲ್ಲಿ ಆ ಕಾಗದ ಬಂತು. ಬೇರೊಂದು ನಗರದ ಚಿತ್ರಶಾಲೆಯೊಂದಕ್ಕೆ ಅವಳು ಆಯ್ಕೆಯಾಗಿದ್ದಳು. ಎರಡು ವರ್ಷ, ಇರಲು ಜಾಗ, ಬರೆಯಲು ಬೆಳಕಿನ ಕೋಣೆ. ಬೇರೆ ಕೆಲಸ ಮಾಡುವಂತಿಲ್ಲ. ತಿಂಗಳ ಕೊನೆಯೊಳಗೆ ಬರುತ್ತೇನೆ ಅಥವಾ ಬರುವುದಿಲ್ಲ ಎಂದು ತಿಳಿಸಬೇಕು. ಅರ್ಜಿ ಹಾಕುವಂತೆ ಬೆನ್ನು ಹತ್ತಿ, ಅಂಚೆಗೂ ತಾನೇ ಹಾಕಿ ಬಂದಿದ್ದ ಕೋಣೆಯ ಗೆಳತಿ ಕಾಗದವನ್ನು ಎರಡು ಸಲ ಓದಿ, “ಹಾಕಿದ್ರೆ ಇಂಥ ಅರ್ಜಿ ಹಾಕಬೇಕು ನೋಡು,” ಎಂದು ಕುಣಿದಾಡಿದಳು.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಆ ಕಡೆ ಹೊಲಿಗೆ ಯಂತ್ರ ನಿಂತಿತು.

“ಎರಡು ವರ್ಷ ಓದಿ ಏನಾಗ್ತೀಯ?”

“ಚಿತ್ರ ಬರೆಯೋಳು ಆಗ್ತೀನಿ.”

“ಈಗೇನು ಮಾಡ್ತಿದೀಯ ಮತ್ತೆ? ಕಣ್ಣು ಬರೀತಿಲ್ವಾ?”

“ಅದು ಬೇರೆ ಅಮ್ಮ.”

“ಏನು ಬೇರೆ? ನಾನೂ ಮದುವೆ ಹುಡುಗೀರ ಬಟ್ಟೆ ಹೊಲೀಬೇಕು ಅಂತಿದ್ದೆ. ಇಪ್ಪತ್ತು ವರ್ಷ ಸ್ಕೂಲ್ ಯೂನಿಫಾರಂ ಹೊಲಿದೆ. ಸೂಜಿಗೇನೂ ಗೊತ್ತಾಗಲಿಲ್ಲ.” ಯಂತ್ರ ಒಂದು ಸುತ್ತು ಓಡಿ ಮತ್ತೆ ನಿಂತಿತು. “ನನಗೆ ಗೊತ್ತಾಯ್ತು, ಅದು ಬೇರೆ ಮಾತು. ನೋಡು ಮಗಳೇ, ಹೋಗಬೇಡ ಅಂತ ನಾನು ಹೇಳಲ್ಲ. ಹೋಗು ಅಂತ ಹೇಳೋಕೂ ಧೈರ್ಯ ಸಾಲದು. ನೀನೇ ನೋಡ್ಕೋ.”

ನೋಡಿಕೊಳ್ಳುವುದೇ ಅವಳಿಗೆ ಆಗದ ಕೆಲಸವಾಗಿತ್ತು. ಕಾಲೇಜಿನ ಮೇಷ್ಟರುಗಳು ಎಲ್ಲರನ್ನೂ ಹೊಗಳುತ್ತಿದ್ದರು. ಗೆಳತಿಗೆ ಅವಳು ಗೆರೆ ಎಳೆದರೂ ಚೆಂದ. ಚಿತ್ರಶಾಲೆಯವರು ಅವಳ ಜೊತೆಗೆ ಇನ್ನೂ ಮೂವತ್ತೊಂಬತ್ತು ಮಂದಿಯನ್ನು ಆರಿಸಿದ್ದರು. ತನ್ನಲ್ಲಿರುವುದು ನಿಜವಾದ ಶಕ್ತಿಯೋ, ಅಥವಾ ನೋಡಿದ್ದನ್ನು ನೋಡಿದ ಹಾಗೆ ಇಳಿಸುವ ಕೈಚಳಕ ಮಾತ್ರವೋ? ಎರಡನೆಯದಾದರೆ ಅದಕ್ಕೆ ಈ ನಾಲ್ಕನೆಯ ಮಹಡಿಯಷ್ಟು ಯೋಗ್ಯವಾದ ಜಾಗ ಇನ್ನೊಂದಿಲ್ಲ. ಅದಕ್ಕಾಗಿ ಎಲ್ಲವನ್ನೂ ಬಿಟ್ಟು ಹೋಗುವುದು ಹುಚ್ಚುತನ. ಮೊದಲನೆಯದಾದರೆ ಹೋಗದಿರುವುದು ಹುಚ್ಚುತನ. ಇದನ್ನು ಮುಲಾಜಿಲ್ಲದೆ ಹೇಳಬಲ್ಲವರು ಅವಳಿಗೆ ಗೊತ್ತಿದ್ದವರಲ್ಲಿ ಒಬ್ಬರೇ.

“ಸರ್, ನನ್ನ ಚಿತ್ರ ಒಂದ್ಸಲ ನೋಡ್ತೀರಾ? ರೂಮಲ್ಲಿವೆ. ಸುಳ್ಳು ಹೇಳಬಾರದು. ಹೋಗೋದಾ ಬಿಡೋದಾ ಅಂತ ಅದರ ಮೇಲೆ ತೀರ್ಮಾನ ಮಾಡ್ತೀನಿ.”

ದೊಡ್ಡವರು ಕೈಯಲ್ಲಿದ್ದ ಮೇಣವನ್ನು ಬಹಳ ಹೊತ್ತು ತಿದ್ದಿದರು. “ನನಗೆ ಚಿತ್ರ ಏನು ಗೊತ್ತಾಗುತ್ತಮ್ಮ,” ಎಂದರು.

“ಬಣ್ಣ ಗೊತ್ತಾಗುತ್ತಲ್ಲ ಸರ್. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ, ಬೆಳಕು ಚೆನ್ನಾಗಿರುತ್ತೆ.”

“ಬೆಳಿಗ್ಗೆ ಆಗಲ್ಲ. ನಾಳೆ ಕೆಲಸ ಮುಗಿಸಿ ಹಂಗೇ ಬರ್ತೀನಿ.”

“ಹೋಗಿ ನೋಡಿ ಬನ್ನಿ ದೊಡ್ಡವ್ರೇ,” ಎಂದಳು ಪಾಲಿಶ್ ಅಕ್ಕ ಚಕ್ರ ನಿಲ್ಲಿಸಿ. “ಚೆನ್ನಾಗಿಲ್ಲ ಅನ್ನಿ. ಇವಳು ಹೋದ್ರೆ ನಾನು ಇನ್ಯಾರ ತಲೆ ತಿನ್ನಲಿ?”

ಮರುದಿನ ಸಂಜೆ ಆರೂವರೆಗೆ ಅವರು ಅವಳ ಹಿಂದೆಯೇ, ಕಂಬಿ ಹಿಡಿದು, ಬಾಡಿಗೆ ಮನೆಯ ಮೆಟ್ಟಿಲು ಹತ್ತಿದರು. ಅರ್ಜಿ ಮಂಚದ ಮೇಲಿನ ಬಟ್ಟೆಯ ರಾಶಿಯನ್ನು ಚಾದರದ ಕೆಳಗೆ ಬಚ್ಚಿಟ್ಟು, ಚಹಾ ಮಾಡಿಟ್ಟು, ಮೂಲೆಯಲ್ಲಿ ನಿಂತಿದ್ದಳು. ಹನ್ನೊಂದು ಚಿತ್ರಗಳನ್ನು ಗೋಡೆಗೆ ಒರಗಿಸಿ ಸಾಲಾಗಿ ಇಡಲಾಗಿತ್ತು. ಮೇಲೆ ಒಂದೇ ಬಲ್ಬು. ದೀಪದಲ್ಲಿ ಬಣ್ಣಕ್ಕೆ ತೀರ್ಪು ಕೊಡಬಾರದೆಂದವರು ದೀಪದಲ್ಲೇ ನೋಡಲು ಬಂದಿದ್ದಾರೆ ಎಂಬುದು ಚುಕ್ಕಿಯ ಗಮನಕ್ಕೆ ಬಂತು. ಹಗಲಿನ ಬೆಳಕು ಬೇಕಾಗುವಷ್ಟು ಇದರಲ್ಲಿ ಏನೂ ಇಲ್ಲವೆಂದು ಮೊದಲೇ ಅಂದುಕೊಂಡಿರಬೇಕು ಎಂದು ಅವಳಿಗೆ ಅನಿಸಿತು.

ಅವರು ಪ್ರತಿಯೊಂದರ ಮುಂದೆಯೂ ನಿಂತರು. ತೀರ ಹತ್ತಿರ ಹೋಗಿ, ಬಾಗಿ, ಮುಖವನ್ನು ಒಂದು ಕಡೆಗೆ ತಿರುಗಿಸಿ, ಓರೆಗಣ್ಣಿನಲ್ಲಿ ನೋಡಿದಂತೆ ಮಾಡಿದರು. ನೇರವಾಗಿ ನೋಡಲು ಸಂಕೋಚವಾಗುತ್ತಿದೆ ಎಂದುಕೊಂಡಳು ಚುಕ್ಕಿ. ಕೆಟ್ಟ ಸುದ್ದಿ ಹೇಳಬೇಕಾದವರು ಹಾಗೆ ಮಾಡುವುದನ್ನು ಆಸ್ಪತ್ರೆಯಲ್ಲಿ ಕಂಡಿದ್ದಳು. ಅಮ್ಮನ ಬೆನ್ನಿನ ಚಿತ್ರದ ಮುಂದೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಇದ್ದರು. ಚಹಾ ಆರಿತು. ಬೀದಿಯಲ್ಲಿ ಯಾರೋ ಗಾಡಿಯನ್ನು ಚಾಲೂ ಮಾಡಲು ಒದ್ದೂ ಒದ್ದೂ ಸೋತು ತಳ್ಳಿಕೊಂಡು ಹೋದರು. ಕೊನೆಗೆ ದೊಡ್ಡವರು ಬೆನ್ನು ನೆಟ್ಟಗೆ ಮಾಡಿ ಅವಳ ಕಡೆ ತಿರುಗಿದರು.

“ಬಣ್ಣ ಸರಿಯಾಗಿದೆ. ಒಂದೂ ತಪ್ಪಿಲ್ಲ.”

ಅಷ್ಟೇ. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಅರ್ಜಿಗೂ ಒಂದು ಒಳ್ಳೆಯ ಕೆಲಸ ಸಿಗಲಿ ಎಂದು ಹಾರೈಸಿ, ಇಳಿದು ಹೋದರು.

“ಯಾಕೆ ಮುಖ ಹಂಗೆ ಮಾಡ್ಕೊಂಡಿದೀಯ?” ಎಂದಳು ಅರ್ಜಿ. “ಹೊಗಳಿದ್ರಲ್ಲ!”

“ಹೊಗಳಲಿಲ್ಲ ಕಣೆ. ಕಣ್ಣಿಗೆ ಹೇಳೋದನ್ನೇ ಚಿತ್ರಕ್ಕೆ ಹೇಳಿದ್ರು.”

“ಅಂದ್ರೆ?”

“ಅಂದ್ರೆ ಹೊಂದಿಸಿದೀನಿ. ಎರಡಡಿ ದೂರದಿಂದ ಗೊತ್ತಾಗಲ್ಲ. ಅದಕ್ಕಿಂತ ಹೆಚ್ಚು ಏನಿಲ್ಲ ಅದರಲ್ಲಿ.”

“ಅಯ್ಯೋ ನಿನ್ನ! ಆ ಮನುಷ್ಯ ಹೇಳಿದ್ದು ನಾಲ್ಕು ಮಾತು, ನೀನು ನಾಲ್ಕು ಪುಟ ಓದ್ಕೊಂಡೆ. ನಾಳೆ ಹೋಗಿ ಕೇಳು, ಬಾಯಿಬಿಟ್ಟು ಕೇಳು.”

“ಅವರು ಸುಳ್ಳು ಹೇಳಲ್ಲ. ಇನ್ನೇನು ಕೇಳೋದು?”

ಎರಡು ದಿನ ಗೆಳತಿಯರು ಇದೇ ವಿಷಯಕ್ಕೆ ಕಿತ್ತಾಡಿದರು. ಮೂರನೆಯ ದಿನ ಚುಕ್ಕಿ ಊಟದ ಬಿಡುವಿನಲ್ಲಿ ಕೆಳಗಿನ ಅಂಚೆಪೆಟ್ಟಿಗೆಗೆ ಕಾಗದ ಹಾಕಿ ಬಂದಳು: ವೈಯಕ್ತಿಕ ಕಾರಣಗಳಿಂದ ಬರಲಾಗುವುದಿಲ್ಲ. ಮನಸ್ಸು ಬೇಡವೆಂದು ಮೊದಲೇ ತೀರ್ಮಾನಿಸಿ, ಕಾರಣವನ್ನು ಆಮೇಲೆ ಹುಡುಕಿ ತಂದು ಮುಂದೆ ನಿಲ್ಲಿಸುವುದುಂಟು. ಮಿದುಳಿನ ಬಗ್ಗೆ ಬರೆಯುವವರು ಇದನ್ನು ಹಲವು ಬಗೆಯಲ್ಲಿ ತೋರಿಸಿದ್ದಾರೆ. ಅವಳಿಗೆ ದಣಿವಾಗಿತ್ತು, ಹೆದರಿಕೆಯಿತ್ತು, ಅಮ್ಮನ ಬೆನ್ನು ವರ್ಷದಿಂದ ವರ್ಷಕ್ಕೆ ಬಾಗುತ್ತಿತ್ತು. ಇವುಗಳಲ್ಲಿ ಯಾವುದು ಎಷ್ಟು ತೂಗಿತು ಎಂದು ಅವಳನ್ನು ಕೇಳಿದರೂ ತಿಳಿಯುತ್ತಿರಲಿಲ್ಲ. ಅವಳು ಹೇಳುತ್ತಿದ್ದ ಕಾರಣ ಒಂದೇ: ದೊಡ್ಡವರು ನೋಡಿದರು, ಅಷ್ಟೇ ಅಂದರು.

ಅವಳು ಹೋಗುವುದಿಲ್ಲ ಎಂದು ತಿಳಿದಾಗ ಪಾಲಿಶ್ ಅಕ್ಕ ಮುಖದ ಬಟ್ಟೆ ಸರಿಸಿ, “ನಾನು ತಮಾಷೆಗೆ ಅಂದಿದ್ದು ಕಣೆ,” ಎಂದಳು. ಆ ದಿನ ದೊಡ್ಡವರು ತೆಗೆದ ಅಚ್ಚು ಎರಡು ಸಲ ಕೆಟ್ಟಿತು.

ಮುಂದಿನ ಐದು ವರ್ಷಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಕೆಲಸ ಚೆನ್ನಾಗಿ ನಡೆಯುವ ವರ್ಷಗಳ ಬಗ್ಗೆ ಹೇಳಲು ಏನೂ ಇರುವುದಿಲ್ಲ. ಚುಕ್ಕಿ ವಾರಕ್ಕೆ ಮೂರು ಕಣ್ಣು ಮುಗಿಸುತ್ತಿದ್ದಳು. ಬೇರೆ ಆಸ್ಪತ್ರೆಗಳವರೂ ಕಠಿಣವಾದ ಬಣ್ಣಗಳನ್ನು, ಅಂದರೆ ಬೂದು ಬೆರೆತ ಕಂದು, ಅಂಚಿನಲ್ಲಿ ಹಳದಿ ತಿರುಗಿದ ಮುದುಕರ ಕಂದು, ಇಂಥವನ್ನೆಲ್ಲ ಅವಳ ಹತ್ತಿರವೇ ಕಳಿಸತೊಡಗಿದರು. ಅವಳು ಮಾಡಿದ ಕಣ್ಣುಗಳು ಊರಿನ ಬೀದಿಗಳಲ್ಲಿ, ಶಾಲೆಗಳಲ್ಲಿ, ಕಚೇರಿಗಳಲ್ಲಿ ಎರಡಡಿ ದೂರದಿಂದ ಯಾರಿಗೂ ಗೊತ್ತಾಗದೆ ಓಡಾಡುತ್ತಿದ್ದವು. ಹೆಸರಿಲ್ಲದ ಕೆಲಸ. ಚೆನ್ನಾಗಿ ಮಾಡಿದಷ್ಟೂ ಕಾಣಿಸದ ಕೆಲಸ. ಅರ್ಜಿ, ಎಲ್ಲರೂ ಮೂಗಿನ ಮೇಲೆ ಬೆರಳಿಡುವಂತೆ, ಕಾರು ಕಲಿಸುವ ಶಾಲೆಯೊಂದರಲ್ಲಿ ನೆಲೆ ನಿಂತಳು. “ಪಕ್ಕದಲ್ಲಿ ಕೂತು ಬೇರೆಯವರಿಗೆ ಬ್ರೇಕು ಒತ್ತೋದು, ಇದೇ ನನ್ನ ಆಸಕ್ತಿ ಅಂತ ಮೂವತ್ತಕ್ಕೆ ಗೊತ್ತಾಯ್ತು ನೋಡು,” ಎನ್ನುತ್ತಿದ್ದಳು. ಹನ್ನೊಂದು ಚಿತ್ರಗಳು ಮಂಚದ ಕೆಳಗೆ, ಗೋಡೆಗೆ ಮುಖ ಮಾಡಿಕೊಂಡು ಬಿದ್ದಿದ್ದವು. ಹನ್ನೆರಡನೆಯದು ಆಗಲಿಲ್ಲ. ಅದಕ್ಕಾಗಿ ಚುಕ್ಕಿ ಅಳಲೂ ಇಲ್ಲ. ಕೆಲವು ಸಂಜೆ ಅಮ್ಮನ ಮನೆಯ ಬಸ್ಸಿಗೆ ಕಾಯುವಾಗ ಮಾತ್ರ, ದಣಿದ ಜನ ಒಬ್ಬರ ಭುಜಕ್ಕೆ ಒಬ್ಬರು ಒರಗಿದಂತೆ ನಿಂತಿರುವುದನ್ನು ನೋಡಿ, ಎಡಗೈ ಬೆರಳುಗಳಲ್ಲಿ ಚೌಕಟ್ಟು ಮಾಡಿ ನೋಡುವ ಹಳೆಯ ಚಟ ಬರುತ್ತಿತ್ತು. ಬಸ್ಸು ಬಂದರೆ ಹತ್ತುತ್ತಿದ್ದಳು.

ದೊಡ್ಡವರು ತೀರಿಕೊಂಡದ್ದು ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಒಂದು ರಜಾದಿನದ ಬೆಳಿಗ್ಗೆ, ಎದೆನೋವಿನಿಂದ, ಮುಕ್ಕಾಲು ಗಂಟೆಯೊಳಗೆ. ಕಣ್ಣಾಸ್ಪತ್ರೆಯವರಾಗಿದ್ದರಿಂದ ಬಹಳ ಹಿಂದೆಯೇ ಕಣ್ಣು ದಾನದ ಕಾಗದಕ್ಕೆ ಸಹಿ ಹಾಕಿದ್ದರು. ಚುಕ್ಕಿ ಅವರ ಮನೆಗೆ ಓಡಿ ಬಂದಾಗ, ಆಸ್ಪತ್ರೆಯ ಕಣ್ಣು ಸಂಗ್ರಹಿಸುವವನು ಪೆಟ್ಟಿಗೆ ಹಿಡಿದು ಆಗಷ್ಟೇ ಬಂದಿದ್ದ. ಅವನೂ ಅವರನ್ನು ಬಲ್ಲವನೇ. ಕೈಗವಸು ಹಾಕಿಕೊಳ್ಳಲು ಮನಸ್ಸು ಬಾರದೆ ನಿಂತಿದ್ದ. ದೊಡ್ಡವರ ಹೆಂಡತಿ ಅತ್ತು ಅತ್ತು ಸುಸ್ತಾಗಿದ್ದರು.

“ಅಪ್ಪಾ, ಈ ಕಣ್ಣು ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತಾ?” ಎಂದು ಅವರು ಅವನನ್ನು ಕೇಳಿದರು. “ಏಳು ವರ್ಷದಿಂದ ಅವರಿಗೆ ಎದುರಿಗಿದ್ದೋರ ಮುಖವೇ ಕಾಣ್ತಿರಲಿಲ್ಲ. ನಟ್ಟನಡುವೆ ಒಂದು ಬೂದಿ ಉಂಡೆ, ಸುತ್ತ ಅಂಚಲ್ಲಿ ಒಂಚೂರು. ಬೇರೆ ಊರಿನ ಡಾಕ್ಟರ ಹತ್ರ ತೋರಿಸ್ಕೊಂಡು ಬರೋರು. ಇಲ್ಲಿ ಯಾರಿಗೂ ಹೇಳಬೇಡ ಅಂದಿದ್ರು.”

ಅವನು ಚುಕ್ಕಿಯ ಮುಖ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: “ಬರುತ್ತಮ್ಮ. ಹೋಗಿದ್ದು ಹಿಂದಿನ ಪದರ, ರೆಟಿನಾ. ನಾವು ತಗೊಳ್ಳೋದು ಮುಂದಿನದು, ಕಾರ್ನಿಯಾ. ಅದಕ್ಕೇನೂ ಆಗಿರಲ್ಲ.”

ಚುಕ್ಕಿ ಲೆಕ್ಕ ಹಾಕಬೇಕಾಗಿರಲಿಲ್ಲ. ಬಣ್ಣದ ಪೆಟ್ಟಿಗೆ ತನ್ನ ಮೇಜಿಗೆ ಬಂದು ಏಳು ವರ್ಷ. ಅವರು ತನ್ನ ಕೋಣೆಗೆ ಬಂದು ಐದು. ಅವಳು ಹೊಸ್ತಿಲ ಬಳಿಯೇ ಕೂತಳು. ಅವನು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡ ಮೇಲೆ, ದೊಡ್ಡವರ ಹೆಂಡತಿ ಬಂದು ಅವಳ ಪಕ್ಕದಲ್ಲಿ ಕೂತರು.

“ನಿನ್ನ ಚಿತ್ರ ನೋಡೋಕೆ ಬಂದಿದ್ರಲ್ಲ, ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ. ‘ಏನು ನೋಡಿದ್ರಿ’ ಅಂದೆ. ‘ಏನೂ ಕಾಣಲಿಲ್ಲ ಕಣೆ, ಎಣ್ಣೆ ಬಣ್ಣದ ವಾಸನೆ ಚೆನ್ನಾಗಿತ್ತು’ ಅಂದ್ರು. ‘ಮತ್ತೆ ಆ ಹುಡುಗಿಗೆ ಏನಂತ ಹೇಳಿದ್ರಿ’ ಅಂತ ಕೇಳಿದೆ. ‘ಬಣ್ಣ ಸರಿಯಾಗಿದೆ ಅಂದೆ, ಅವಳು ಬಣ್ಣ ತಪ್ಪೋಳಲ್ಲ, ಅದನ್ನ ಹೇಳೋಕೆ ಕಣ್ಣು ಬೇಕಿಲ್ಲ’ ಅಂದ್ರು.”